ಗೇರ್ ಸೈಕಲ್ಲಿಗೆ ಹರಳೆಣ್ಣೆ

ಸೈಕಲ್ ಓಡಿಸುವುದನ್ನು ಒಮ್ಮೆ ಕಲಿತವರು ಸಾಯುವವರೆಗೂ ಮರೆಯುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಿಜ. ನಾನೂ ಮರೆತಿರಲಿಲ್ಲ. ಆ ಮಾತನ್ನು ನೆಚ್ಚಿಕೊಂಡೇ ಹೊರಟೆ. ನಿಲ್ಲಿಸುವುದರ ಬಗ್ಗೆ ಮಾತ್ರ ಅದರಲ್ಲಿ ಏನೂ ಹೇಳಿಲ್ಲ ಎಂಬುದು ಆಮೇಲೆ ಗೊತ್ತಾಯಿತು!

ಮಕ್ಕಳೇ, ಈ ಸಂಗತಿ ನಿಮಗೆಲ್ಲ ಈಗಾಗಲೇ ಗೊತ್ತು. ಆದರೆ ಗೊತ್ತಿರುವುದು ತಪ್ಪು ತಪ್ಪಾಗಿ. ಹೊಳೆನರಸೀಪುರದ ಮೊಮ್ಮಕ್ಕಳಿಗೆ ಫೋನಿನಲ್ಲಿ ತಲುಪಿದ ಕಥೆಯಲ್ಲಿ ನಾನು ಕೆರೆ ಹಾರಿದ್ದೇನೆ. ಅದೇ ಕಥೆ ಅರಕಲಗೂಡಿನ ನನ್ನ ತಮ್ಮನ ಮನೆಗೆ ಹೋಗುವ ಹೊತ್ತಿಗೆ ಎರಡು ಮೇಕೆ ಸತ್ತಿವೆ. ಯಾವ ಮೇಕೆಯೂ ಸತ್ತಿಲ್ಲ. ಕೆರೆಯನ್ನು ನಾನು ಮುಟ್ಟಿಯೂ ಇಲ್ಲ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ. ಊರ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವಳ ಬರವಣಿಗೆ. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ. ಕಥೆಯನ್ನು ತಿದ್ದಬೇಡಿ.

ಮೊದಲು ನನ್ನ ನಾಚಿಕೆಯ ವಿಷಯ ಹೇಳಿಬಿಡಬೇಕು. ಎಲ್ಲ ಅನಾಹುತಕ್ಕೂ ಅದೇ ಮೂಲ. ಮದುವೆಮನೆಯಲ್ಲಿ ಕೊನೆಯ ಪಂಕ್ತಿಗೆ ಕೂರುವವಳು ನಾನು. ಬಡಿಸುವವರು ಮುಂದೆ ಹೋಗಿಬಿಟ್ಟರೆ ಕರೆಯುವವಳಲ್ಲ. ಒಂದು ಸಲ ಹಾಸನದಲ್ಲಿ ಬಸ್ಸು ಹತ್ತಿ ಶಾಂತಿಗ್ರಾಮದಲ್ಲಿ ಇಳಿಯಬೇಕಿತ್ತು. ಊರು ಬಂತು. ಅಷ್ಟು ಜನರ ನಡುವೆ ‘ಇಳೀತೀನಿ’ ಎಂದು ಕೂಗಲು ಬಾಯಿ ಬರಲಿಲ್ಲ. ಬೇರೆ ಯಾರೂ ಇಳಿಯಲೂ ಇಲ್ಲ. ಚನ್ನರಾಯಪಟ್ಟಣ ಬಂದಾಗ ಬಸ್ಸು ತಾನಾಗಿಯೇ ನಿಂತಿತು. ಆಗ ಇಳಿದೆ. ಏನೂ ಆಗದವಳ ಹಾಗೆ ಅಲ್ಲೇ ಒಂದು ಕಟ್ಟು ಸೊಪ್ಪು ತೆಗೆದುಕೊಂಡು, ಸೊಪ್ಪಿಗೆಂದೇ ಅಷ್ಟು ದೂರ ಹೋದವಳ ಹಾಗೆ ವಾಪಸು ಬಂದೆ.

ಇಂಥವಳಿಗೆ ಸೈಕಲ್ಲಿನ ಆಸೆ ಇತ್ತು ಎಂದರೆ ಯಾರು ನಂಬುತ್ತಾರೆ? ಆದರೆ ಇತ್ತು. ತವರಿನಲ್ಲಿ ನನ್ನ ಅಪ್ಪನ ದೊಡ್ಡ ಸೈಕಲ್ಲನ್ನು ಕಂಬಿಯ ಒಳಗಿನಿಂದ ಕಾಲು ತೂರಿಸಿ, ಒಂದು ಕಡೆಗೆ ವಾಲಿಕೊಂಡು ಓಡಿಸುತ್ತಿದ್ದೆ. ಮದುವೆಯಾದ ಮೇಲೆ ಅದು ಅಲ್ಲಿಗೇ ನಿಂತಿತು. ನಿಮ್ಮ ತಾತ ಒಂದು ಸಂಜೆ ಕೆರೆ ಏರಿಯ ಮೇಲೆ ತಮ್ಮ ಸೈಕಲ್ ನಿಲ್ಲಿಸಿ, ಓಡಿಸು ನೋಡೋಣ ಎಂದರು. ಕೆಳಗೆ ಯಾರೋ ಎಮ್ಮೆ ಮೈ ತೊಳೆಯುತ್ತಿದ್ದರು. ಯಾರಾದರೂ ನೋಡುತ್ತಾರೆ, ನಾನು ಒಲ್ಲೆ ಎಂದೆ. ಆಗ ಅವರು, “ಅವನು ಎಮ್ಮೆ ನೋಡ್ತಾವ್ನೆ. ಎಮ್ಮೆ ನಿನ್ನ ನೋಡುದ್ರೂ ಯಾರ್ಗೂ ಏಳಾಕಿಲ್ಲ ಕಣೆ” ಅಂದರು. ಆದರೂ ಹತ್ತಲಿಲ್ಲ. ಅವರು ಹೋಗಿ ಒಂಬತ್ತು ವರ್ಷವಾಯಿತು. ಹತ್ತಬೇಕಿತ್ತು ಅಂತ ಆಗಾಗ ಅನಿಸುತ್ತಿತ್ತು, ಅಷ್ಟೆ.

ಹೀಗಿರುವಾಗ ನಮ್ಮ ಮನೆಗೆ ಚೈತ್ರಳ ಸೈಕಲ್ ಬಂತು. ಚೈತ್ರ ನನ್ನ ಮಗ ಮಹೇಶನ ಮಗಳು. ಹಾಸನದಲ್ಲಿ ಪಿಯುಸಿ ಓದುತ್ತಾಳೆ. ಸಾಲಗಾಮೆ ಕಡೆಯ ನಮ್ಮೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಇದು ಮೌಂಟನ್ ಬೈಕು ಅಜ್ಜಿ ಎಂದಳು. ಬೈಕಾದರೆ ಪೆಟ್ರೋಲು ಎಲ್ಲಿ ಹಾಕುವುದು ಎಂದು ಕೇಳಿದೆ. ಅದು ಬೆಟ್ಟ ಹತ್ತುವ ಗೇರ್ ಸೈಕಲ್ ಎಂದು ತಿಳಿಸಿ ಹೇಳಿದಳು. ನಮ್ಮೂರಿನಲ್ಲಿ ಬೆಟ್ಟ ಎಲ್ಲಿದೆ? ಊರ ಹಿಂದೆ ಒಂದು ಗುಡ್ಡವಿದೆ. ಅದರ ಮೇಲೆ ನೀಲಗಿರಿ ತೋಪು. ಅಷ್ಟೇ.

ಆ ಸೈಕಲ್ಲಿನ ಟೈರು ನೋಡಿದರೆ ಟ್ರಾಕ್ಟರಿನ ಮರಿ ಇರಬೇಕು ಎನಿಸುತ್ತಿತ್ತು. ಉಳಿದದ್ದು ಒಂದೂ ಇರಲಿಲ್ಲ. ಕ್ಯಾರಿಯರ್ ಇಲ್ಲ, ಬೆಲ್ ಇಲ್ಲ, ಮಡ್‌ಗಾರ್ಡ್ ಇಲ್ಲ, ನಿಲ್ಲಿಸಲು ಸ್ಟ್ಯಾಂಡೂ ಇಲ್ಲ. ಅಂಗಡಿಯವನು ಅರ್ಧ ಸೈಕಲ್ ಕೊಟ್ಟು ಕಳಿಸಿದ್ದಾನೆ, ಹೋಗಿ ಮಿಕ್ಕಿದ್ದನ್ನು ಇಸಿದುಕೊಂಡು ಬಾ ಎಂದು ಮಹೇಶನಿಗೆ ಹೇಳಿದೆ. ನನ್ನ ಸೊಸೆ ನಳಿನಿ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋದಳು.

ಭಾನುವಾರ ಬಂದರೆ ಹಾಸನದಿಂದ ಚೈತ್ರಳ ಸ್ನೇಹಿತೆಯರು ನಾಲ್ಕು ಜನ ಇಂಥದೇ ಸೈಕಲ್ ಹತ್ತಿಕೊಂಡು ಬರುತ್ತಾರೆ. ಎಲ್ಲರೂ ಸೇರಿ ಗುಡ್ಡಕ್ಕೆ ಹೋಗುತ್ತಾರೆ. ನಾವು ಸೌದೆ ತರಲು ಹೋಗುತ್ತಿದ್ದ ದಾರಿಗೆ ಈಗ ಟ್ರೇಲ್ ಎಂದು ಹೆಸರು. ನಮ್ಮೂರಿಗೆ ಟಾರು ರಸ್ತೆ ಬೇಕು ಅಂತ ನಿಮ್ಮ ತಾತ ಎಷ್ಟು ಅರ್ಜಿ ಬರೆದರೋ ಲೆಕ್ಕವಿಲ್ಲ. ರಸ್ತೆ ಬಂತು. ಅವರ ಮೊಮ್ಮಗಳು ಅದನ್ನು ಬಿಟ್ಟು ಮೇಕೆ ದಾರಿಯಲ್ಲಿ ಹೋಗುತ್ತಾಳೆ!

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಚೈತ್ರ ಸೈಕಲ್ ಒರೆಸುತ್ತಿದ್ದಳು. ನಾನು ಹತ್ತಿರ ಹೋಗಿ ಸೀಟು ಮುಟ್ಟಿ ನೋಡಿದೆ. ಅವಳು ನನ್ನ ಮುಖ ನೋಡಿದಳು. ಅಷ್ಟೇ. ಮುಂದಿನ ಕಾಲು ಗಂಟೆಯಲ್ಲಿ ಹಿತ್ತಿಲಲ್ಲಿ, ಹುಲ್ಲಿನ ಮೆದೆಯ ಮರೆಯಲ್ಲಿ, ಸೀರೆ ಎತ್ತಿ ಕಟ್ಟಿಕೊಂಡು ನಾನು ನಾಲ್ಕು ಸುತ್ತು ಹೊಡೆದಿದ್ದೆ. ಚೈತ್ರ ಸೀಟು ಹಿಡಿದುಕೊಂಡೇ ಓಡುತ್ತಿದ್ದಳು. ಕೊನೆಯ ಸುತ್ತಿನಲ್ಲಿ ನೋಡುತ್ತೇನೆ, ಅವಳು ಅಲ್ಲೆಲ್ಲೋ ಹುಣಸೆ ಮರದ ಹತ್ತಿರ ನಿಂತು ಚಪ್ಪಾಳೆ ತಟ್ಟುತ್ತಿದ್ದಾಳೆ!

ಒಂದೇ ಒಂದು ತೊಂದರೆ ಇತ್ತು. ಬ್ರೇಕು. ಈ ಸೈಕಲ್ಲಿನ ಎರಡೂ ಚಕ್ರದ ನಟ್ಟನಡುವೆ ಒಂದೊಂದು ತೆಳ್ಳನೆಯ ತೂತು ತೂತಿನ ಕಬ್ಬಿಣದ ತಟ್ಟೆ ಇದೆ. ಬ್ರೇಕು ಹಿಡಿದರೆ ಎರಡು ಪುಟ್ಟ ಬಿಲ್ಲೆಗಳು ಆ ತಟ್ಟೆಯನ್ನು ಕಚ್ಚಿ ಹಿಡಿಯುತ್ತವೆ. ಹಿಡಿಯುವಾಗ ‘ಕಿರ್ರ್’ ಎಂದು ಊರಿಗೆಲ್ಲ ಕೇಳುವ ಹಾಗೆ ಅರಚುತ್ತಿತ್ತು. ನಾನು ನಾಲ್ಕನೇ ಸಲ ನಿಲ್ಲಿಸಿದಾಗ ಎದುರುಮನೆ ರತ್ನಮ್ಮ ಬೇಲಿಯಾಚೆಯಿಂದಲೇ, ಯಾರ ಮನೆಯಲ್ಲಿ ಹಂದಿ ಹಿಡಿಯುತ್ತಿದ್ದಾರೆ ಎಂದು ವಿಚಾರಿಸಿದಳು. ನಾನು ಉಸಿರು ಬಿಗಿ ಹಿಡಿದು ಮೆದೆಯ ಹಿಂದೆ ಕುಳಿತೆ.

ಅವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಯೋಚನೆ. ಒಂದು ಸಲ, ಒಂದೇ ಒಂದು ಸಲ, ಗುಡ್ಡದ ನೆತ್ತಿಯಿಂದ ಕೆರೆ ಏರಿಯವರೆಗೆ ಸೈಕಲ್ಲಿನಲ್ಲಿ ಹೋಗಬೇಕು. ಯಾರೂ ನೋಡಬಾರದು. ಹೋಗುವುದು ಎಷ್ಟು ಮುಖ್ಯವೋ ಯಾರೂ ನೋಡದಿರುವುದು ಅದಕ್ಕಿಂತ ಮುಖ್ಯ. ಈ ಎರಡರ ಮಧ್ಯೆ ನಿಂತಿದ್ದುದು ಆ ಕಿರ್ರ್ ಶಬ್ದ ಒಂದೇ.

ಅಷ್ಟರಲ್ಲಿ ಆಯುಧಪೂಜೆ ಬಂತು.

ನಮ್ಮ ಮನೆಯಲ್ಲಿ ಆಯುಧಪೂಜೆಯ ಹಿಂದಿನ ದಿನದಿಂದಲೇ ಕಬ್ಬಿಣದ ಸಾಮಾನನ್ನೆಲ್ಲ ತೊಳೆದು ಒಣಗಿಸಿ ಎಣ್ಣೆ ಹಚ್ಚುವುದು ನನ್ನ ಕೆಲಸ. ಕುಡುಗೋಲು, ಮಚ್ಚು, ಗುದ್ದಲಿ, ಈಳಿಗೆಮಣೆ, ನಳಿನಿಯ ಹೊಲಿಗೆ ಮಿಷನ್ನು, ಯಾವುದನ್ನೂ ಬಿಡುವುದಿಲ್ಲ. ವರ್ಷಕ್ಕೊಂದು ಸಲವಾದರೂ ಕಬ್ಬಿಣ ಎಣ್ಣೆ ಕಾಣಬೇಕು ಎನ್ನುತ್ತಿದ್ದರು ನಮ್ಮತ್ತೆ. ಹಚ್ಚಿದರೆ ಹರಳೆಣ್ಣೆಯನ್ನೇ ಹಚ್ಚಬೇಕು. ಬೇರೆ ಎಣ್ಣೆ ಜಾರಿಹೋಗುತ್ತದೆ, ಹರಳೆಣ್ಣೆ ಹಿಡಿದದ್ದನ್ನು ಬಿಡುವುದಿಲ್ಲ.

ಆ ವರ್ಷ ಸಾಲಿನ ಕೊನೆಗೆ ಚೈತ್ರಳ ಸೈಕಲ್ಲೂ ಬಂದು ನಿಂತಿತು. ಅವಳು ಟ್ಯೂಷನ್ನಿಗೆ ಹೋಗಿದ್ದಳು. ನಾನು ಚೈನಿಗೆ ಎಣ್ಣೆ ಹಚ್ಚಿದೆ. ಪೆಡಲಿಗೆ ಹಚ್ಚಿದೆ. ಆಮೇಲೆ ಆ ತೂತಿನ ತಟ್ಟೆಗಳನ್ನು ನೋಡಿದೆ. ಅಯ್ಯೋ ಪಾಪ! ಒಂದು ಹನಿ ಎಣ್ಣೆ ಕಾಣದೆ ತಬ್ಬಲಿ ಮಕ್ಕಳ ತಲೆಯ ಹಾಗೆ ಒಣಗಿಹೋಗಿದ್ದವು. ಅರಚದೆ ಇನ್ನೇನು ಮಾಡುತ್ತವೆ? ಹತ್ತಿಯನ್ನು ಹರಳೆಣ್ಣೆಯಲ್ಲಿ ಅದ್ದಿ, ಬಾಣಂತಿಯ ಕೂಸಿಗೆ ಹಚ್ಚುವ ಹಾಗೆ ನಿಧಾನವಾಗಿ ಎರಡೂ ತಟ್ಟೆಗೆ ಹಚ್ಚಿದೆ. ಆ ಪುಟ್ಟ ಬಿಲ್ಲೆಗಳ ಸಂದಿಗೂ ಒಂದಿಷ್ಟು ಬಿಟ್ಟೆ. ಎಣ್ಣೆ ಇಂಗಿದ ಹಾಗೆ ಕಂಡಿತು. ಮತ್ತೊಂದು ಸಲ ಹಚ್ಚಿದೆ. ಮೂರನೆಯ ಸಲ ಹಚ್ಚಿದ್ದು ಪ್ರೀತಿಗೆ.

ಹ್ಯಾಂಡಲ್ಲಿಗೆ ಮೂರು ಪಟ್ಟೆ ವಿಭೂತಿ ಬಳಿದು, ಚೆಂಡು ಹೂವು ಸುತ್ತಿದೆ. ಚಕ್ರ ತಿರುಗಿಸಿ ಬ್ರೇಕು ಒತ್ತಿ ನೋಡಿದೆ. ಸದ್ದಿಲ್ಲ! ಬೆಣ್ಣೆಯ ಹಾಗೆ ತಿರುಗುತ್ತಲೇ ಇತ್ತು. ತಿರುಗುತ್ತಲೇ ಇದೆಯಲ್ಲ ಎಂದು ಆಗಲೇ ಯೋಚಿಸಬೇಕಿತ್ತು. ನಾನು ಮಾತ್ರ ಸದ್ದಿಲ್ಲದ್ದಕ್ಕೆ ಸಂತೋಷಪಟ್ಟು ಕೈ ಮುಗಿದೆ. ಸಂಜೆ ಚೈತ್ರ ಬಂದು, ಹೂವಿನಲ್ಲಿ ಮುಚ್ಚಿಹೋದ ಸೈಕಲ್ ನೋಡಿ ನನ್ನ ಕೆನ್ನೆ ಹಿಂಡಿದಳು. ಅವತ್ತು ಆಯುಧ ಮುಟ್ಟುವ ಹಾಗಿಲ್ಲವಲ್ಲ, ಅವಳೂ ಹತ್ತಲಿಲ್ಲ.

ಮಾರನೆಯ ದಿನ ವಿಜಯದಶಮಿ. ಆ ದಿನ ಶುರು ಮಾಡಿದ ಕೆಲಸ ಕೆಡುವುದಿಲ್ಲ ಎಂಬುದು ನಿಮಗೂ ಗೊತ್ತು. ಏಳು ಗಂಟೆಗೆ ಚೈತ್ರಳ ಸ್ನೇಹಿತೆಯರು ಬರುವವರಿದ್ದರು. ಅದಕ್ಕೆ ಮೊದಲೇ ಹೋಗಿ ಬಂದು ಸೈಕಲ್ಲನ್ನು ಅದರ ಜಾಗದಲ್ಲಿ ಇಟ್ಟುಬಿಡುವುದು ನನ್ನ ಯೋಜನೆ. ಐದೂವರೆಗೆ ಎದ್ದೆ. ಸೀರೆಯಲ್ಲಿ ಹೋದರೆ ದೂರದಿಂದಲೇ ಯಾರಾದರೂ ಗುರುತು ಹಿಡಿಯುತ್ತಾರೆ. ಆದ್ದರಿಂದ ಬಹಳ ಯೋಚನೆ ಮಾಡಿ ಚೈತ್ರಳ ಟ್ರಾಕ್ ಪ್ಯಾಂಟು ಹಾಕಿಕೊಂಡೆ. ಅವಳದೇ ಕೆಂಪು ಜಾಕೆಟ್ಟು ಹಾಕಿಕೊಂಡೆ. ಮುಖ ಕಾಣದ ಹಾಗೆ ನಿಮ್ಮ ತಾತನ ಮಂಕಿ ಟೋಪಿ. ಅದರ ಮೇಲೆ ಅವಳ ಹೆಲ್ಮೆಟ್ಟು. ಎತ್ತರದಲ್ಲಿ ನಾನೂ ಚೈತ್ರಳೂ ಒಂದೇ. ಕನ್ನಡಿಯಲ್ಲಿ ನೋಡಿಕೊಂಡೆ. ಕಣ್ಣು ಎರಡು ಬಿಟ್ಟರೆ ನಾನು ಎಲ್ಲೂ ಕಾಣುತ್ತಿರಲಿಲ್ಲ. ಬಹಳ ಸಮಾಧಾನವಾಯಿತು.

ಮದುವೆಯಾದ ಮೇಲೆ ಮೊದಲ ಸಲ ಸೀರೆ ಇಲ್ಲದೆ ಹೊಸಿಲು ದಾಟಿದೆ. ಕಾಲಿಗೆ ಗಾಳಿ ಹೊಡೆಯದೆ ಬೆಚ್ಚಗಿತ್ತು. ಇಷ್ಟು ವರ್ಷ ಇದನ್ನು ಯಾರೂ ಹೇಳಲಿಲ್ಲವಲ್ಲ ಅಂದುಕೊಂಡೆ.

ಸೈಕಲ್ ತಳ್ಳಿಕೊಂಡೇ ಗುಡ್ಡ ಹತ್ತಿದೆ. ಹತ್ತುವಾಗ ಬ್ರೇಕಿನ ಅವಶ್ಯಕತೆ ಬೀಳುವುದಿಲ್ಲ. ಇದು ಆ ದಿನ ನಾನು ಕಲಿತ ಮೊದಲ ಪಾಠ, ಆದರೆ ತಡವಾಗಿ ಕಲಿತೆ. ಮೇಕೆ ಮೇಯಿಸುವ ಕರಿಯಣ್ಣ ಆಗಲೇ ಮಂದೆ ಹೊಡೆದುಕೊಂಡು ಅರ್ಧ ಗುಡ್ಡದಲ್ಲಿದ್ದ. ಚೈತ್ರ ಎಂದುಕೊಂಡು, ಏನು ಕೂಸೇ, ಹಬ್ಬದ ದಿನ ಇಷ್ಟು ಬೇಗ ಎಂದ. ನಾನು ಕೈ ಎತ್ತಿದೆ. ವೇಷ ಗೆದ್ದಿತು! ನನ್ನ ಜೀವಮಾನದಲ್ಲಿ ಅಷ್ಟು ಧೈರ್ಯವಾಗಿ ನಾನು ಯಾರಿಗೂ ಕೈ ಎತ್ತಿದವಳಲ್ಲ.

ನೆತ್ತಿಗೆ ಹೋಗಿ ನಿಂತೆ. ನೀಲಗಿರಿ ಎಲೆಯಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಕೆಳಗೆ ಕೆರೆಯ ಮೇಲೆ ಮಂಜು ಹಾಲಿನ ಕೆನೆಯ ಹಾಗೆ ಕೂತಿತ್ತು. ಸೌದೆ ಹೊರೆ ಹೊತ್ತು ನೂರಾರು ಸಲ ಇಳಿದ ದಾರಿ. ಆಗೆಲ್ಲ ತಲೆಯ ಮೇಲೆ ಹೊರೆ ಇರುತ್ತಿತ್ತು, ಕತ್ತು ಎತ್ತಿ ನೋಡಿದ್ದೇ ಇಲ್ಲ. ಸುತ್ತ ನೋಡಿದೆ. ನರಪಿಳ್ಳೆ ಇಲ್ಲ. ಸೀಟಿನ ಮೇಲೆ ಕೂತು, ಶಿವನೇ ಎಂದು ಕಾಲು ಎತ್ತಿದೆ.

ಮೊದಲ ಐವತ್ತು ಮಾರು ಹೇಗಿತ್ತು ಎಂದು ಬರೆಯಲು ನನಗೆ ಬರುವುದಿಲ್ಲ. ಟೋಪಿಯ ಒಳಗೆ ನಾನು ನಗುತ್ತಿದ್ದೆ. ಜೋರಾಗಿ. ಯಾರೂ ಇಲ್ಲವಲ್ಲ.

ಐವತ್ತು ಮಾರು ಆದ ಮೇಲೆ ಕಲ್ಲಿನ ಇಳಿಜಾರು ಶುರುವಾಗುತ್ತದೆ. ಸ್ವಲ್ಪ ನಿಧಾನ ಮಾಡೋಣವೆಂದು ಚೈತ್ರ ಕಲಿಸಿದ ಹಾಗೆ ಒಂದು ಬೆರಳಿನಿಂದ ಬ್ರೇಕು ಒತ್ತಿದೆ. ಏನೂ ಆಗಲಿಲ್ಲ. ಎರಡು ಬೆರಳು. ಏನೂ ಆಗಲಿಲ್ಲ. ಹತ್ತೂ ಬೆರಳು ಒತ್ತಿದೆ. ಸೈಕಲ್ ಇನ್ನೂ ಜೋರಾಗಿ ಓಡಿತು! ತಟ್ಟೆಗಳು ಅರಚಲಿಲ್ಲ, ಕಿರುಚಲಿಲ್ಲ. ಅಷ್ಟು ನಯವಾಗಿ, ಅಷ್ಟು ಮರ್ಯಾದೆಯಾಗಿ ತಿರುಗುತ್ತಿದ್ದವು. ಹರಳೆಣ್ಣೆ ತನ್ನ ಕರ್ತವ್ಯವನ್ನು ಯಾವುದೇ ಲೋಪವಿಲ್ಲದೆ ನೆರವೇರಿಸುತ್ತಿತ್ತು. ಸಾಲದ್ದಕ್ಕೆ ಮೂರು ಸಲ ಹಚ್ಚಿದ್ದೆ.

ಮೇಕೆಗಳು ದಾರಿಯ ನಡುವೆ ಇದ್ದವು. ಅವು ನನ್ನನ್ನು ನೋಡಿದವು. ಮೇಕೆಗೆ ಬುದ್ಧಿ ಇಲ್ಲ ಎನ್ನುವವರು ಆ ದೃಶ್ಯವನ್ನು ನೋಡಬೇಕಿತ್ತು. ಒಂದೂ ಯೋಚನೆ ಮಾಡದೆ ಎರಡು ಭಾಗವಾಗಿ ದಾರಿ ಬಿಟ್ಟವು. ಬಿಡದೆ ನಿಂತವನು ಕರಿಯಣ್ಣ ಒಬ್ಬನೇ. ಬ್ರೇಕಿಲ್ಲ ಎಂದು ಅವನಿಗೆ ಕೂಗಬೇಕಿತ್ತು. ಬಾಯಿ ಬರಲಿಲ್ಲ. ಗಂಡಸಿನ ಮುಂದೆ ಹೇಗೆ ಕೂಗುವುದು? ಕೊನೇ ಗಳಿಗೆಯಲ್ಲಿ ಅವನೇ ಲಂಟಾನದ ಪೊದೆಗೆ ಹಾರಿಕೊಂಡ. ಹಾರುವಾಗ ಅಂದದ್ದನ್ನು ಮೊಮ್ಮಕ್ಕಳು ಓದುವ ಕಾಗದದ ಮೇಲೆ ಬರೆಯುವ ಹಾಗಿಲ್ಲ.

ಗುಡ್ಡದ ಬುಡದಲ್ಲಿ ದಾರಿ ಎರಡಾಗುತ್ತದೆ. ಎಡಕ್ಕೆ ಹೋದರೆ ಕೆರೆ. ಬಲಕ್ಕೆ ಹೋದರೆ ಊರು. ಎಡಕ್ಕೆ ಹೋದರೆ ಯಾರೂ ನೋಡುವುದಿಲ್ಲ, ಆದರೆ ನನಗೆ ಈಜು ಬರುವುದಿಲ್ಲ. ಬಲಕ್ಕೆ ಹೋದರೆ ಜೀವ ಉಳಿಯುತ್ತದೆ, ಆದರೆ ಬೆಳಗ್ಗೆ ಆರೂವರೆ, ಇಡೀ ಊರು ಹಾಲಿನ ಕ್ಯಾನು ಹಿಡಿದು ಡೈರಿಯ ಮುಂದೆ ಸಾಲು ನಿಂತಿರುತ್ತದೆ. ಮಕ್ಕಳೇ, ನಿಮ್ಮಜ್ಜಿ ಒಂದು ಕ್ಷಣ ಕೆರೆಯ ಕಡೆಗೇ ನೋಡಿದಳು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಹ್ಯಾಂಡಲ್ಲು ನನ್ನನ್ನು ಕೇಳಲಿಲ್ಲ. ಬಲಕ್ಕೆ ತಿರುಗಿತು.

ಊರ ಬಾಗಿಲಲ್ಲಿ ದಾರಿ ಸಮವಾಗುತ್ತದೆ, ಸೈಕಲ್ ತಾನಾಗಿಯೇ ನಿಲ್ಲುತ್ತದೆ ಎಂದುಕೊಂಡೆ. ಗುಡ್ಡದಿಂದ ತಂದ ಓಟ ಅಷ್ಟು ಸುಲಭಕ್ಕೆ ಕರಗಲಿಲ್ಲ. ಎದುರಿಗೆ ಡೈರಿ, ಸಾಲು, ಕ್ಯಾನುಗಳು, ಹಾಲು. ಆಗ ನನ್ನ ಬಾಯಿಂದ ಒಂದು ಧ್ವನಿ ಹೊರಟಿತು. ಅದು ನನ್ನದೇ ಎಂದು ನನಗೆ ಆಮೇಲೆ ಗೊತ್ತಾಯಿತು.

“ದಾರಿ ಬಿಡ್ರಪ್ಪೋ!”

ಚನ್ನರಾಯಪಟ್ಟಣದ ಬಸ್ಸಿನಲ್ಲಿ ಬರದ ಧ್ವನಿ ಇಷ್ಟು ವರ್ಷ ಎಲ್ಲಿತ್ತೋ! ಸಾಲು ಸೀಳಿಕೊಂಡಿತು. ನಾನು ಅದರ ನಡುವೆ ಹಾದುಹೋದೆ. ಡೈರಿ ದಾಟಿದ ಕೂಡಲೇ ರತ್ನಮ್ಮನ ಮನೆ. ಮನೆಯ ಮುಂದೆ ರಸ್ತೆಯ ಬದಿಗೆ ಒಣಗಲು ಹಾಕಿದ ಮುಸುಕಿನ ಜೋಳ. ರಾತ್ರಿ ಇಬ್ಬನಿ ಬೀಳುತ್ತದೆ ಎಂದು ಗುಡ್ಡೆ ಮಾಡಿ ಮುಚ್ಚಿದ್ದಳು. ಆ ಹೊತ್ತಿಗೆ ಸರಿಯಾಗಿ ರತ್ನಮ್ಮ ಅದರ ಮೇಲಿನ ಟಾರ್ಪಾಲು ತೆಗೆದು ಮಡಚುತ್ತಿದ್ದಳು. ಹಳದಿ ಕಾಳಿನ ಗುಡ್ಡೆ, ಸೊಂಟದೆತ್ತರ. ಕಣ್ಣು ಮುಚ್ಚಿ ಅದರೊಳಗೆ ಹೋದೆ.

ಸೈಕಲ್ ನಿಂತಿತು. ನಾನು ನಿಲ್ಲಲಿಲ್ಲ. ಹ್ಯಾಂಡಲ್ಲು ದಾಟಿ ಗುಡ್ಡೆಯ ನೆತ್ತಿಯ ಮೇಲೆ ಹೋಗಿ ಕೂತೆ. ಕೂತವಳು ಮೆಲ್ಲಗೆ ಒಳಗೆ ಇಳಿದೆ. ಜೋಳದ ಕಾಳು ಬಹಳ ಮೆತ್ತಗೆ, ಬಹಳ ತಣ್ಣಗೆ ಇತ್ತು. ಕೈಕಾಲು ಅಲುಗಿಸಿ ನೋಡಿದೆ. ಎಲ್ಲ ಇದ್ದವು.

ಸಾಲು ನಿಂತಿದ್ದವರೆಲ್ಲ ಬಂದು ಸುತ್ತ ಸೇರಿದರು. ಸೊಂಟದವರೆಗೆ ಜೋಳದಲ್ಲಿ ಹೂತು, ಮಂಕಿ ಟೋಪಿಯೊಳಗಿಂದ ಎರಡು ಕಣ್ಣು ಬಿಟ್ಟುಕೊಂಡು ಕುಳಿತಿದ್ದೆ. ನನಗೆ ಒಂದು ಆಸೆ ಹುಟ್ಟಿತು. ಇವರಿಗೆ ನನ್ನ ಗುರುತು ಸಿಕ್ಕಿಲ್ಲ! ಚೈತ್ರಳ ಸೈಕಲ್ಲು, ಚೈತ್ರಳ ಜಾಕೆಟ್ಟು. ಬಾಯಿ ಬಿಡದೆ ಎದ್ದು ಮನೆಗೆ ಓಡಿಬಿಟ್ಟರೆ ಆಯಿತು.

ಆಗ ರತ್ನಮ್ಮ ಸೊಂಟಕ್ಕೆ ಕೈ ಇಟ್ಟು ಶುರು ಮಾಡಿದಳು.

“ಏನ್ ಕೂಸೇ, ಕಣ್ಣಿಲ್ವಾ ನಿಂಗೆ? ಹೆಣ್ ಐಕ್ಳು ಇಂಗಾ ಬರೋದು? ನಿಮ್ಮಜ್ಜಿ ನೋಡು. ಈ ಊರ್ಗೆ ಬಂದು ಇಷ್ಟ್ ವರ್ಸ ಆತು, ಒಂದಿನ ತಲೆ ಎತ್ತಿ ನಡದೋಳಲ್ಲ, ಗಟ್ಟಿಯಾಗಿ ಮಾತಾಡ್ದೋಳಲ್ಲ. ಅಂತಾ ಗಿರಿಜಕ್ಕನ ಮೊಮ್ಮಗಳಾಗಿ ನೀನು ಇಂಗೆ! ಆ ಎಂಗ್ಸಿನ ನೋಡಿ ವಸಿ ಕಲ್ತ್ಕೊ.”

ಗಿರಿಜಕ್ಕ ಎಂದರೆ ನಾನೇ. ನನ್ನ ನಡತೆಯ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ರತ್ನಮ್ಮ ನನ್ನ ಎದುರಿಗೆ ಯಾವತ್ತೂ ಆಡಿರಲಿಲ್ಲ. ಜೋಳದಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡೆ. ಹಾಲು ಅಳೆಯುವ ಶಿವಣ್ಣ, ಹೆಣ್ಣುಮಕ್ಕಳಿಗೆ ಸೈಕಲ್ ಕೊಡಿಸಿದರೆ ಹೀಗೇ ಆಗುವುದು ಎಂದ. ಇನ್ನೊಬ್ಬರು ಹೌದು ಹೌದು ಎಂದರು. ನಾನು ತಲೆ ತಗ್ಗಿಸಿದೆ. ಇನ್ನು ಸ್ವಲ್ಪ ಹೊತ್ತು ಬೈದು ಸುಸ್ತಾಗಿ ಹೋಗುತ್ತಾರೆ, ಆಮೇಲೆ ಓಡಬಹುದು ಎಂದು ಎಣಿಸುತ್ತಿದ್ದೆ.

ಅಷ್ಟರಲ್ಲಿ ಗುಂಪು ಸರಿದು ಮಹೇಶ ಮುಂದೆ ಬಂದ. ಅವನೂ ಕ್ಯಾನು ಹಿಡಿದು ಅದೇ ಸಾಲಿನಲ್ಲಿದ್ದ. ಮುಖ ಬಿಳಿಚಿಕೊಂಡಿತ್ತು. ಮಗಳಿಗೆ ಏನಾಗಿಹೋಯಿತೋ ಎಂಬ ಗಾಬರಿ ಅದು, ಕೋಪವಲ್ಲ. ಹೆತ್ತವಳಿಗೆ ಗೊತ್ತಾಗುವುದಿಲ್ಲವೇ? ಆದರೆ ಗಂಡಸರ ಗಾಬರಿ ಬಾಯಿಗೆ ಬರುವಾಗ ಕೋಪವಾಗಿಯೇ ಬರುತ್ತದೆ.

“ಸಾಕು. ಇವತ್ತಿಂದ ನೀನು ಈ ಸೈಕಲ್ ಮುಟ್ಟಂಗಿಲ್ಲ. ಇವತ್ತೇ ಕೊಟ್ಬುಡ್ತೀನಿ ಇದ” ಎಂದ.

ರತ್ನಮ್ಮ, ಹಂಗ್ ಮಾಡು ಎಂದಳು. ಊರೆಲ್ಲ ತಲೆ ಆಡಿಸಿತು.

ಈಗ ಬಾಯಿ ಮುಚ್ಚಿಕೊಂಡರೆ ನನ್ನ ಮಾನ ಉಳಿಯುತ್ತದೆ. ಆ ಮಗುವಿನ ಸೈಕಲ್ ಹೋಗುತ್ತದೆ. ಮನೆಯಲ್ಲಿ ಮಲಗಿ ನಿದ್ದೆ ಮಾಡುತ್ತಿರುವ ಮಗು! ಬಾಯಿ ಬಿಟ್ಟರೆ ಅಷ್ಟು ಜನರ ಮುಂದೆ, ಡೈರಿಯ ಮುಂದೆ, ಪ್ಯಾಂಟಿನಲ್ಲಿ, ಜೋಳದಲ್ಲಿ ಕುಳಿತ ಗಿರಿಜಮ್ಮ. ಭೂಮಿ ಬಾಯಿಬಿಡಬಾರದೇ ಎಂದುಕೊಳ್ಳಲೂ ಆಗಲಿಲ್ಲ, ಅರ್ಧ ಆಗಲೇ ಒಳಗೆ ಹೋಗಿದ್ದೆ.

ಹೆಲ್ಮೆಟ್ಟಿನ ಗುಂಡಿ ಬಿಚ್ಚಲು ಬರಲಿಲ್ಲ. ಎರಡು ಸಲ ಎಳೆದೆ. ಆಮೇಲೆ ಬಿಚ್ಚಿತು. ಮಂಕಿ ಟೋಪಿ ತೆಗೆದೆ. ನನ್ನ ಬಿಳಿ ಕೂದಲಿನ ಗಂಟು ಬಿಚ್ಚಿ ಭುಜದ ಮೇಲೆ ಬಿತ್ತು. ಅದರಿಂದ ನಾಲ್ಕು ಜೋಳದ ಕಾಳು ಉದುರಿದವು.

“ಅವಳದ್ದೇನೂ ತಪ್ಪಿಲ್ಲ ಕಣಪ್ಪ, ಮಹೇಶ” ಎಂದೆ. “ನಾನು.”

ಮಹೇಶ ಕ್ಯಾನನ್ನು ನೋಡದೆ ಕೆಳಗಿಟ್ಟ. ಅದು ವಾಲಿ ಅರ್ಧ ಹಾಲು ರಸ್ತೆಗೆ ಹೋಯಿತು. ಅವನು ನನ್ನ ಮುಖ ನೋಡಿದ. ಕಾಲು ನೋಡಿದ. ಮತ್ತೆ ಮುಖ ನೋಡಿದ.

“ಅವ್ವಾ” ಎಂದ. ಆಮೇಲೆ, “ಪ್ಯಾಂಟು?” ಎಂದ.

ಮೊದಲು ನಕ್ಕವಳು ರತ್ನಮ್ಮ. ನಗು ಅಂದರೆ ಅಂತಿಂಥದ್ದಲ್ಲ, ಟಾರ್ಪಾಲು ಹಿಡಿದುಕೊಂಡೇ ರಸ್ತೆಯ ಮೇಲೆ ಕೂತುಬಿಟ್ಟಳು. ಅವಳ ಹಿಂದೆ ಶಿವಣ್ಣ. ಅವನ ಹಿಂದೆ ಇಡೀ ಸಾಲು. ಲಂಟಾನದಿಂದ ಎದ್ದು ಕುಂಟುತ್ತಾ ಬಂದ ಕರಿಯಣ್ಣ, ನನ್ನ ನೋಡಿ, ತಾನು ಬೈದದ್ದು ಯಾರಿಗೆ ಎಂದು ತಿಳಿದು, ಕಿವಿ ಹಿಡಿದುಕೊಂಡು ನಿಂತ. ನನಗೆ ಅಳು ಬರುತ್ತದೆ ಎಂದುಕೊಂಡಿದ್ದೆ. ನೋಡಿದರೆ ನಾನೂ ನಗುತ್ತಿದ್ದೆ! ಜೋಳದಿಂದ ನನ್ನನ್ನು ಎಳೆದು ತೆಗೆಯಲು ಇಬ್ಬರು ಬೇಕಾಯಿತು. ಇಬ್ಬರಿಗೂ ನಗುವಿನಿಂದ ಕೈಯಲ್ಲಿ ಶಕ್ತಿ ಇರಲಿಲ್ಲ. ಎರಡು ಸಲ ಎತ್ತಿ ಎರಡು ಸಲವೂ ಬೀಳಿಸಿದರು.

ಮಹೇಶ ಸೈಕಲ್ಲನ್ನು ತಾನೇ ಎತ್ತಿ ಒರೆಸಿದ. ಅದನ್ನು ಕೊಡುವ ಮಾತು ಮತ್ತೆ ಎತ್ತಲಿಲ್ಲ. ಕೊಟ್ಟುಬಿಡಬೇಕೆಂದರೆ ಈಗ ಅಮ್ಮನಿಗೂ ಬುದ್ಧಿ ಹೇಳಬೇಕಲ್ಲ!

ಗದ್ದಲ ಕೇಳಿ ಚೈತ್ರ ಬರಿಗಾಲಿನಲ್ಲಿ ಓಡಿಬಂದಳು. ಮೊದಲು ನನ್ನ ಕೈಕಾಲು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಸೈಕಲ್ಲಿನ ಹತ್ತಿರ ಕೂತು ತಟ್ಟೆಯ ಮೇಲೆ ಬೆರಳಾಡಿಸಿ ಮೂಸಿದಳು.

“ಅಜ್ಜಿ, ಇದಕ್ಕೆ ಏನು ಹಚ್ಚಿದೆ?”

“ಹರಳೆಣ್ಣೆ.”

“ಬ್ರೇಕಿಗಾ?”

“ಅರಚುತ್ತಿತ್ತಲ್ಲ ಮಗಾ.”

ಅವಳು ಹಣೆಯನ್ನು ಸೀಟಿಗೆ ಒರಗಿಸಿದಳು. ನಗುವಿಗೆ ಭುಜ ಕುಣಿಯುತ್ತಿತ್ತು. ಆ ಬಿಲ್ಲೆಗಳು ಎಣ್ಣೆ ಕುಡಿದರೆ ಮತ್ತೆ ಕೆಲಸಕ್ಕೆ ಬರುವುದಿಲ್ಲವಂತೆ, ಹಾಸನದಿಂದ ಹೊಸದು ತಂದು ಹಾಕಿಸಬೇಕಂತೆ. ಕಬ್ಬಿಣದಲ್ಲೂ ಎಣ್ಣೆ ಕಾಣಬಾರದ ಜಾತಿ ಒಂದಿದೆ ಎಂದು ನಮ್ಮತ್ತೆ ನನಗೆ ಹೇಳಿರಲೇ ಇಲ್ಲ. ಆ ದಿನ ಚೈತ್ರಳ ಸವಾರಿ ತಪ್ಪಿತು. ಅದಕ್ಕ್ಯಾಕೆ ಅಜ್ಜಿ ಬೇಜಾರು, ನನ್ನ ಪಾಲಿನದನ್ನು ನೀನು ಮಾಡಿದೆಯಲ್ಲ ಎಂದಳು.

ಏಳು ಗಂಟೆಗೆ ಅವಳ ನಾಲ್ಕು ಸ್ನೇಹಿತೆಯರು ಬಂದರು. ನಮ್ಮ ಜಗುಲಿಯಲ್ಲಿ ನಳಿನಿ ನನ್ನ ಮಂಡಿಗೆ ಅರಿಶಿನ ಹಚ್ಚುತ್ತಿದ್ದಳು. ನಾನು ಸೀರೆ ಉಟ್ಟು, ಸೆರಗು ಹೊದ್ದು, ಮತ್ತೆ ಮೊದಲಿನ ಗಿರಿಜಮ್ಮನಾಗಿದ್ದೆ. ಚೈತ್ರ ಎಲ್ಲವನ್ನೂ ಹೇಳಿದಳು. ಆ ಹುಡುಗಿಯರು ನಗುತ್ತಾರೆ ಎಂದುಕೊಂಡೆ. ಅವರು ನಗಲಿಲ್ಲ. ಒಬ್ಬಳು ನನ್ನ ಹತ್ತಿರ ಬಂದು ಕೂತು, ಕಲ್ಲಿನ ಇಳಿಜಾರನ್ನು ಕಾಲು ಊರದೆ ಇಳಿದದ್ದು ನಿಜವಾ ಎಂದು ಕೇಳಿದಳು. ಊರಬೇಕೆಂದು ಆ ಹೊತ್ತಿನಲ್ಲಿ ಹೊಳೆಯಲೇ ಇಲ್ಲ ಕಣವ್ವ ಎಂದೆ.

“ನಾವು ಅಲ್ಲಿ ಇಳಿದು ನಡ್ಕೊಂಡು ಬರ್ತೀವಿ ಅಜ್ಜಿ. ಇಲ್ಲಿವರೆಗೂ ಯಾರೂ ಅದನ್ನ ಇಳಿದಿಲ್ಲ” ಎಂದಳು.

ಅವಳು ಫೋನು ತೆಗೆದು ಏನೋ ಒತ್ತಿದಳು. ಆ ದಾರಿಗೆ ಅದುವರೆಗೆ ಹೆಸರಿರಲಿಲ್ಲವಂತೆ. ಈಗ ಫೋನಿನ ನಕ್ಷೆಯಲ್ಲಿ ನೋಡಿದವರಿಗೆಲ್ಲ ‘ಅಜ್ಜಿ ಇಳಿಜಾರು’ ಎಂದು ಕಾಣುತ್ತದಂತೆ. ಅಳಿಸವ್ವ ಎಂದು ಕೈ ಮುಗಿದೆ. ಒಮ್ಮೆ ಹಾಕಿದರೆ ಅಳಿಸಲು ಬರುವುದಿಲ್ಲ ಎಂದಳು. ಅದು ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ಸಂಜೆ ಬನ್ನಿ ಕೊಡುವ ನೆವದಲ್ಲಿ ರತ್ನಮ್ಮ ಬಂದಳು. ಅವಳ ಜೋಳ ಚೆಲ್ಲಿದ್ದಕ್ಕೆ ನಾನು ಮಾತು ತೆಗೆದರೆ ಅವಳು ಕೇಳಿಸಿಕೊಳ್ಳಲೇ ಇಲ್ಲ. ಆಚೆ ಈಚೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿ, ಹೊಸ ಬ್ರೇಕು ಬಂದ ಮೇಲೆ ಹಿತ್ತಿಲಲ್ಲಿ ತನಗೂ ಒಂದು ಸುತ್ತು ಸಿಗುತ್ತದಾ ಎಂದು ಪಿಸುಗುಟ್ಟಿದಳು. ಈಗ ಬುಧವಾರ ಬುಧವಾರ ಮಧ್ಯಾಹ್ನ ನಮ್ಮ ಮೆದೆಯ ಹಿಂದೆ ಮೂವರು ಹೆಂಗಸರು ಸೇರುತ್ತಾರೆ. ಹೆಸರು ಬರೆಯುವುದಿಲ್ಲ. ಮೂವರೂ ಮಾನವಂತರು.

ಹೋದ ಭಾನುವಾರ ಬೆಳಗ್ಗೆ ಅಂಗಳ ಗುಡಿಸುತ್ತಿದ್ದೆ. ಗೊರೂರು ಕಡೆಯವರಂತೆ, ಇಬ್ಬರು ಹುಡುಗರು ಗೇರ್ ಸೈಕಲ್ ತಂದು ನಮ್ಮ ಬಾಗಿಲಲ್ಲೇ ನಿಲ್ಲಿಸಿದರು. ಅಜ್ಜಿ ಇಳಿಜಾರಿಗೆ ದಾರಿ ಯಾವುದು ಎಂದು ಕೇಳಿದರು. ನಾನು ಸೆರಗು ಮುಂದಕ್ಕೆ ಎಳೆದುಕೊಂಡು ಪೊರಕೆಯಿಂದಲೇ ಗುಡ್ಡದ ಕಡೆ ತೋರಿಸಿದೆ. ಅವರು ಹೊರಟರು. ಹೊರಟವರಲ್ಲಿ ಒಬ್ಬ ತಿರುಗಿ ಬಂದ.

“ಅಲ್ಲಾ ಅಜ್ಜಿ, ಬ್ರೇಕೇ ಇಲ್ದೆ ಇಳಿದ್ರಂತಲ್ಲ, ಅವರು ಇನ್ನೂ ಬದುಕಿದಾರಾ?”

ಎದುರುಮನೆ ಜಗುಲಿಯಲ್ಲಿ ರತ್ನಮ್ಮ ಬಾಯಿ ತೆರೆಯುವುದು ಕಾಣಿಸಿತು. ಅವಳಿಗಿಂತ ಮುಂಚೆ ನಾನೇ ಉತ್ತರ ಕೊಟ್ಟೆ. ತಲೆ ತಗ್ಗಿಸಿ, ನೆಲ ನೋಡುತ್ತಾ, ಪೊರಕೆಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

“ಇದಾರಂತೆ ಕಣಪ್ಪ” ಎಂದೆ.